ಥಾರ್‌ಗೆ ಮ್ಯೂಸಿಕ್ ಸಿಸ್ಟಂ: ಪುಣೆಯಲ್ಲಿ ಪಟ್ಟ ಪಾಡು

ಕೆಲಸ ಅಂತೂ ಮುಗಿಯಿತು. ನೆನಪು ಮಾಸುವ ಮುನ್ನ ಬರೆದುಬಿಡುತ್ತೇನೆ. ಥಾರ್, ಜಿಮ್ನಿ, ಗೂರ್ಖಾ ತರಹದ ಜೀಪು ಇಟ್ಟುಕೊಂಡು ಸೌಂಡ್ ಸರಿ ಇಲ್ಲ ಅಂತ ಗೊಣಗುವವರು ಪುಣೆಯ ನಮ್ಮ ಕನ್ನಡದವರಲ್ಲೇ ಬೇಕಾದಷ್ಟು ಜನ ಇದ್ದಾರೆ. ಅಂಗಡಿಗೆ ಹೋಗುವ ಮೊದಲು ಅವರು ಇದನ್ನು ಓದಿದರೆ ಸ್ವಲ್ಪ ದುಡ್ಡು ಉಳಿಯುತ್ತದೆ, ಬಹಳಷ್ಟು ತಲೆನೋವು ತಪ್ಪುತ್ತದೆ.

ನನ್ನದು 2021ರ ಥಾರ್. ಡೀಸೆಲ್, ಹಾರ್ಡ್ ಟಾಪ್, ಮೂರು ಬಾಗಿಲಿನದು. ಕಂಪನಿಯಿಂದ ಬಂದ ಟೈರ್ ಸವೆದ ಮೇಲೆ ದಪ್ಪ ಗುಂಡಿಯ ಆಲ್ ಟೆರೇನ್ ಟೈರ್ ಹಾಕಿಸಿದ್ದೆ. ಕೋಥ್ರೂಡಿನ ಗಲ್ಲಿಗಳಲ್ಲಿ ಹಾಡು ಚೆನ್ನಾಗಿಯೇ ಕೇಳುತ್ತಿತ್ತು. ತೊಂದರೆ ಇದ್ದದ್ದು ಹೆದ್ದಾರಿಯಲ್ಲಿ. ಹುಬ್ಬಳ್ಳಿಗೆ ಹೋಗುವಾಗ ಖಂಬಾಟ್ಕಿ ಘಾಟ್ ದಾಟಿ ವೇಗ 90ಕ್ಕೆ ಏರಿತು ಅಂದರೆ ಹಾಡಿನಲ್ಲಿ ಬರೀ ತಾಳ, ಚೀರು ದನಿ ಉಳಿಯುತ್ತಿದ್ದವು. ಹಿಂದೆ ಕೂತ ಅಪ್ಪ ಭೀಮಸೇನ ಜೋಶಿಯವರ ದಾಸರ ಪದ ಹಾಕಿಸಿಕೊಂಡು, ಸಾತಾರಾ ಬರುವಷ್ಟರಲ್ಲಿ "ಬಂದ್ ಮಾಡಪಾ, ಏನೂ ತಿಳೀವಲ್ದು" ಅಂದುಬಿಟ್ಟರು.

ಇದಕ್ಕೆ ಕಾರಣ ಸ್ಪೀಕರ್ ಒಂದೇ ಅಲ್ಲ. ಟೈರಿನ ಗುಂಯ್‌ಗುಡುವಿಕೆ, ಗಾಳಿ, ಇಂಜಿನ್ ಎಲ್ಲ ಸೇರಿ ಕೆಳದನಿಯ ಸದ್ದು ಗಾಡಿಯೊಳಗೆ ತುಂಬಿಕೊಳ್ಳುತ್ತದೆ. ಅದು ಹಾಡಿನ ಬೇಸನ್ನು ನುಂಗಿಹಾಕುತ್ತದೆ. ವಾಲ್ಯೂಮ್ ಏರಿಸಿದರೆ ಕಿವಿಗೆ ಚುಚ್ಚುವ ಮೇಲ್ದನಿಯೇ ಹೆಚ್ಚಾಗುತ್ತದೆ. ಜೊತೆಗೆ ಥಾರ್‌ನಲ್ಲಿ ಸ್ಪೀಕರ್‌ಗಳು ಇರುವುದು ಚಾವಣಿಯಲ್ಲಿ. ಗಾಡಿಯೊಳಗೆ ನೀರು ಹಾಕಿ ತೊಳೆಯಬಹುದು, ನೆಲದಲ್ಲಿ ನೀರು ಹೋಗಲು ಬಿರಡೆಗಳಿವೆ. ಹಾಗಾಗಿ ಅವನ್ನು ಮೇಲೆ ಇಟ್ಟಿದ್ದಾರೆ. ಯೋಚನೆ ಸರಿಯಾದದ್ದೇ. ಆದರೆ ಹಾಡುವವರು ನೆತ್ತಿಯ ಮೇಲೆ ಕೂತು ಹಾಡಿದ ಹಾಗೆ ಕೇಳುತ್ತದೆ.

ಮೊದಲ ಪ್ರಶ್ನೆ ಎಲ್ಲರದ್ದೂ ಒಂದೇ: ಸ್ಕ್ರೀನ್ ಬದಲಿಸಬೇಕಾ? ನಾನು ಕೇಳಿದ ಎಲ್ಲ ಅಂಗಡಿಯವರೂ ದೊಡ್ಡ ಆಂಡ್ರಾಯ್ಡ್ ಸ್ಕ್ರೀನ್ ಮಾರಲು ನೋಡಿದರು. ನನಗೆ ಬೇಡವಾಗಿತ್ತು. ಕಂಪನಿಯ 7 ಇಂಚಿನ ಸ್ಕ್ರೀನ್ ತುಂತುರು ಮಳೆ ತಡೆದುಕೊಳ್ಳುತ್ತದೆ. ಗಾಡಿ ಎಷ್ಟು ವಾಲಿದೆ, ಏರು ಎಷ್ಟಿದೆ, ದಿಕ್ಕು ಯಾವುದು ಅನ್ನುವುದೆಲ್ಲ ಅದರಲ್ಲೇ ಬರುತ್ತದೆ. ಅದನ್ನು ಕಿತ್ತರೆ ಇವೂ ಹೋಗುತ್ತವೆ. ಸ್ಕ್ರೀನ್ ಹಾಗೇ ಇರಲಿ, ಅದರಿಂದ ಸ್ಪೀಕರ್‌ಗೆ ಹೋಗುವ ವೈರಿನಿಂದಲೇ ಸಿಗ್ನಲ್ ತೆಗೆದುಕೊಂಡು ಒಂದು ಡಿಎಸ್‌ಪಿ ಆಂಪ್ಲಿಫೈಯರ್‌ಗೆ ಕೊಡೋಣ ಅಂತ ತೀರ್ಮಾನಿಸಿದೆ. ಆಂಪ್ಲಿಫೈಯರ್ (ಆಂಪ್) ಸದ್ದಿಗೆ ಬಲ ಕೊಡುತ್ತದೆ, ಅದರೊಳಗಿನ ಡಿಎಸ್‌ಪಿ ಪ್ರತಿ ಸ್ಪೀಕರಿನ ಸದ್ದನ್ನು ಬೇರೆ ಬೇರೆಯಾಗಿ ತಿದ್ದುತ್ತದೆ. ಹೀಗೆ ಸ್ಪೀಕರ್ ವೈರಿನಿಂದ ಸಿಗ್ನಲ್ ತೆಗೆದುಕೊಳ್ಳುವುದಕ್ಕೆ ಹೈ ಲೆವೆಲ್ ಇನ್‌ಪುಟ್ ಅನ್ನುತ್ತಾರೆ. ಆಂಪ್ ಕೊಳ್ಳುವಾಗ ಅದು ಇದೆಯಾ ಅಂತ ಕೇಳಿ.

ಇನ್ನು ವ್ಯಾಟ್ ವಿಷಯ. ಬಾಕ್ಸ್ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆ ನೋಡಿ ಮರುಳಾಗಬೇಡಿ. ಸ್ಟೀರಿಯೋ ಮೇಲೆ 50 ವ್ಯಾಟ್ × 4 ಅಂತ ಇದ್ದರೆ ಅದು ಕ್ಷಣಮಾತ್ರದ ಗರಿಷ್ಠ. ಆರ್‌ಎಂಎಸ್, ಅಂದರೆ ನಿರಂತರವಾಗಿ ಕೊಡುವುದು, ಸುಮಾರು 15ರಿಂದ 20 ವ್ಯಾಟ್ ಅಷ್ಟೇ. ಆರ್‌ಎಂಎಸ್ ಎಷ್ಟು ಅಂತ ಕೇಳಿದ ತಕ್ಷಣ ಮಾತು ಬದಲಿಸುವ ಅಂಗಡಿಯಿಂದ ಸುಮ್ನೆ ಹೊರಗೆ ಬನ್ನಿ.

ವೈರ್ ಮುಟ್ಟುವ ಮೊದಲು ನಮ್ಮ ಸರ್ವಿಸ್ ಸೆಂಟರ್‌ಗೆ ಒಂದು ಮೇಲ್ ಹಾಕಿ, ಇಂಥದ್ದು ಮಾಡಿಸುತ್ತೇನೆ, ವಾರಂಟಿ ಏನಾಗುತ್ತದೆ ಅಂತ ಕೇಳಿದೆ. ಬಾಯಲ್ಲಿ ಎಲ್ಲರೂ "ಕಾಹೀ ನಾಹೀ ಹೋತ್", ಏನೂ ಆಗಲ್ಲ ಅನ್ನುತ್ತಾರೆ. ಅದಕ್ಕೆ ಬೆಲೆ ಇಲ್ಲ. ಬರೆದು ಕೊಡಿ ಅಂದಾಗ ಉತ್ತರ ಬರಲು ಬಹಳ ತಡವಾಯಿತು, ಫೋನ್ ಮಾಡಿ ನೆನಪಿಸಬೇಕಾಯಿತು. ಕೊನೆಗೆ ಬಂದ ಉತ್ತರ ಇಷ್ಟು: ಕಂಪನಿಯ ವೈರ್ ಕತ್ತರಿಸಿದರೆ ಎಲೆಕ್ಟ್ರಿಕಲ್ ಭಾಗಗಳ ವಾರಂಟಿ ಅರ್ಜಿ ತಿರಸ್ಕಾರ ಆಗಬಹುದು. ಹಾಗಾಗಿ ಕಪ್ಲರ್ ಬೇಕು. ಕಪ್ಲರ್ ಅಂದರೆ ಕಂಪನಿಯ ಸಾಕೆಟ್ಟಿಗೇ ಕೂರುವ ಜೋಡಣೆ, ಏನನ್ನೂ ಕತ್ತರಿಸಬೇಕಾಗಿಲ್ಲ, ಬೇಡವೆಂದಾಗ ಕಿತ್ತುಹಾಕಬಹುದು. 2,500 ರೂಪಾಯಿ ಆಯಿತು. ವಾರಂಟಿ ಮುಗಿದ ಗಾಡಿಗೂ ನಾನು ಇದನ್ನೇ ಹಾಕಿಸುತ್ತಿದ್ದೆ.

ಸಾಮಾನು ಹುಡುಕಲು ಎರಡು ಕಡೆ ಅಲೆದೆ. ಗಾಡಿಯ ಸಾಮಾನಿಗೆ ನಾನಾ ಪೇಠ್. ವೈರ್, ಕನೆಕ್ಟರ್, ಹೀಟ್ ಶ್ರಿಂಕ್ ತರಹದ ಚಿಲ್ಲರೆ ಸಾಮಾನಿಗೆ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿ. ಅಲ್ಲಿಗೆ ಗಾಡಿ ಒಯ್ಯುವ ಹುಚ್ಚು ಮಾಡಬೇಡಿ. ವನಾಜ್‌ನಲ್ಲಿ ಮೆಟ್ರೋ ಹತ್ತಿ, ಸಿವಿಲ್ ಕೋರ್ಟಿನಲ್ಲಿ ಬದಲಿಸಿ, ಮಂಡಯಿಯಲ್ಲಿ ಇಳಿದು ನಡೆಯಿರಿ.

ಫಿಟ್ಟಿಂಗ್‌ಗೆ ನಾನು ಆರಿಸಿದ್ದು ಗಾಜಿನ ಬಾಗಿಲು, ಏಸಿ, ಗೋಡೆ ತುಂಬ ಸ್ಪೀಕರ್ ಇದ್ದ ಒಂದು ಅಂಗಡಿ. ಹೆಸರು ಬೇಡ. ಬೆಳಿಗ್ಗೆ ಹತ್ತಕ್ಕೆ ಬಿಡಿ, ಸಂಜೆ ಒಯ್ಯಿರಿ ಅಂದರು. ಮಧ್ಯಾಹ್ನ ಹೋಗಿ ನೋಡಿದರೆ ಗಾಡಿ ಬಿಟ್ಟ ಜಾಗದಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ. ಊಟದ ಹೊತ್ತು ಅಂದರು. ಆಮೇಲೆ ಹುಡುಗ ಬಂದಿಲ್ಲ ಅಂದರು. ಕೈಗೆ ಗಾಡಿ ಸಿಕ್ಕಿದ್ದು ರಾತ್ರಿ ಶಟರ್ ಎಳೆಯುವ ಹೊತ್ತಿಗೆ. ಅಂಗಡಿಯೊಳಗೆ ನಿಂತು ಕೇಳಿದಾಗ ಭಾರೀ ಖುಷಿಯಾಯಿತು. ಬೇಸ್‌ಗೆಂದೇ ಇರುವ ಸ್ಪೀಕರ್, ಅಂದರೆ ಸಬ್‌ವೂಫರಿನ ಗುದ್ದು ಬೆನ್ನಿಗೆ ತಾಗುತ್ತಿತ್ತು. 5,000 ಕೂಲಿ ಕೊಟ್ಟು ಹೊರಟೆ.

ಕರ್ವೆ ರಸ್ತೆಗೆ ಬರುವಷ್ಟರಲ್ಲಿ ಹಾಡಿನ ಹಿಂದೆ ಸಣ್ಣಗೆ ಕುಂಯ್ ಅನ್ನುವ ದನಿ. ಆಕ್ಸಿಲರೇಟರ್ ಒತ್ತಿದರೆ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಧಡ್ ಧಡ್ ಬಡಿಯುವ ಹಾಡು ಹಾಕಿದರೆ ಗೊತ್ತೇ ಆಗುವುದಿಲ್ಲ. ಅಪ್ಪನ ದಾಸರ ಪದ ಹಾಕಿದೆ. ಶುರುವಿನ ತಂಬೂರಿಯ ಜೊತೆಗೆ ಇದೂ ಒಂದು ಶ್ರುತಿ ಹಿಡಿದಿತ್ತು. ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ನೋಡಿ: ಅಂಗಡಿಯಲ್ಲಿ ಇಂಜಿನ್ ಚಾಲೂ ಮಾಡಿಸಿ, ಬರೀ ತಂಬೂರಿ ಇರುವ ಆಲಾಪ ಹಾಕಿ, ರೇಸ್ ಕೊಟ್ಟು ಕೇಳಿ. ಅಂಗಡಿಯವರು ತಮ್ಮ ಪೆನ್‌ಡ್ರೈವಿನ ಹಾಡನ್ನೇ ಹಾಕಿ ತೋರಿಸುತ್ತಾರೆ, ಇಂಜಿನ್ ಬಂದ್ ಮಾಡಿಯೇ ತೋರಿಸುತ್ತಾರೆ.

ಅಂಗಡಿಗೆ ಫೋನ್ ಮಾಡಿದೆ. "ಡೀಸೆಲ್ ಗಾಡಿ ಸರ್, ಇಷ್ಟು ಇದ್ದದ್ದೇ" ಅಂದರು. ಅದು ಸುಳ್ಳು. ಆ ವಾರ ಗಾಡಿ ತೆಗೆಯಲಿಲ್ಲ. ಶನಿವಾರ ಕೀಲಿ ತಿರುಗಿಸಿದರೆ ಟಕ್ ಟಕ್ ಅಂತ ಬರೀ ರಿಲೇ ಸದ್ದು. ಬ್ಯಾಟರಿ ಸತ್ತಿತ್ತು. ಕೆಳಮನೆಯ ಕುಲಕರ್ಣಿಯವರ ಕಾರಿನಿಂದ ಜಂಪರ್ ಹಾಕಿ ಚಾಲೂ ಮಾಡಿದೆವು. ಸಿಟ್ಟು ನೆತ್ತಿಗೇರಿತ್ತು. ಅಂಗಡಿಗೆ ಹೋದರೆ ಬ್ಯಾಟರಿ ಹಳೆಯದು, ಬದಲಿಸಿ ಅಂದರು. ಅದನ್ನು ಮಾರುವವರೂ ಅವರೇ.

ಅಷ್ಟರಲ್ಲಿ ನಮ್ಮ ಕನ್ನಡದ ಗೆಳೆಯರೊಬ್ಬರು ನಾನಾ ಪೇಠೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಗ್ಗೆ ಹೇಳಿದರು. ಮೂಲ ಅಕ್ಕಲಕೋಟ ಕಡೆಯವರು. ಅಂಗಡಿ ಅಂದರೆ ಎರಡು ಗೇಣು ಅಗಲದ ಬಾಗಿಲು, ಮುಂದೆ ಒಂದು ಮರದ ಪೆಟ್ಟಿಗೆ, ಕೆಲಸ ಎಲ್ಲ ರಸ್ತೆ ಮೇಲೇ. ನಾನು ಮರಾಠಿಯಲ್ಲಿ ಶುರು ಮಾಡಿದೆ. ಫೋನಿನಲ್ಲಿ ಹೆಂಡತಿ ಜೊತೆ ಮಾತಾಡಿದ್ದು ಕಿವಿಗೆ ಬಿದ್ದಿರಬೇಕು, "ಕನ್ನಡದಾಗ ಹೇಳ್ರಿ ಸಾಹೇಬ್ರ" ಅಂದರು. ಆಮೇಲೆ ಅವರು ನನಗೆ ಕಾಕಾ ಆದರು.

ಕಾಕಾ ಮೊದಲು ಬಾನೆಟ್ ಎತ್ತಿದರು. ಬ್ಯಾಟರಿಯಿಂದ ಹೊರಟ ದಪ್ಪ ಕೆಂಪು ವೈರನ್ನು ಬೆರಳಿನಲ್ಲಿ ಹಿಡಿದು ನೋಡಿದರು. "ಇದರ ಫ್ಯೂಜ್ ಎಲ್ಲೈತ್ರಿ?" ಫ್ಯೂಜ್ ಇದ್ದದ್ದು ಸೀಟಿನ ಕೆಳಗೆ, ಆಂಪ್ ಪಕ್ಕ. "ಅಲ್ಲಿದ್ರ ಏನ್ ಉಪಯೋಗ? ವೈರ್ ನಡುವ ತಗಡಿಗೆ ಉಜ್ಜಿ ಶಾರ್ಟ್ ಆದ್ರ ಬ್ಯಾಟರಿಯಿಂದ ಅಲ್ಲೀತನ ಬೆಂಕೀನ." ಫ್ಯೂಜ್ ಕಾಯುವುದು ಆಂಪನ್ನಲ್ಲ, ವೈರನ್ನು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಬೇಕು. ವೈರು ಇಂಜಿನ್ ಕಡೆಯಿಂದ ಒಳಗೆ ಬರುವ ತೂತಿನಲ್ಲಿ ರಬ್ಬರ್ ಗ್ರಾಮೆಟ್ ಕೂಡ ಇರಲಿಲ್ಲ. ತಗಡಿನ ಅಂಚು ಆಗಲೇ ಮೇಲಿನ ಪ್ಲಾಸ್ಟಿಕ್ಕನ್ನು ಕೊರೆಯಲು ಶುರು ಮಾಡಿತ್ತು. ಅದನ್ನು ಕಣ್ಣಾರೆ ನೋಡಿದ ಮೇಲೆ ಕುಂಯ್‌ಗುಟ್ಟುವ ಸದ್ದು ಸಣ್ಣ ವಿಷಯ ಅನ್ನಿಸಿತು.

ಆಮೇಲೆ ಬ್ಲೇಡ್ ತೆಗೆದು ವೈರಿನ ತುದಿಯ ಒಂದು ಎಳೆ ಕೆರೆದರು. ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳಗೆ. ಅಲ್ಯೂಮಿನಿಯಮ್ ಮೇಲೆ ತಾಮ್ರದ ಲೇಪ, ಬಿಲ್ಲಿನಲ್ಲಿ ಮಾತ್ರ ಪೂರ್ತಿ ತಾಮ್ರ. ಅಲ್ಯೂಮಿನಿಯಮ್ ವೈರ್ ಕರೆಂಟ್ ಕಡಿಮೆ ಒಯ್ಯುತ್ತದೆ, ಅದೇ ಕೆಲಸಕ್ಕೆ ಇನ್ನೂ ದಪ್ಪನೆಯದು ಬೇಕು. ನೀವು ಕೊಳ್ಳುವಾಗಲೂ ಒಂದು ಎಳೆ ಕೆರೆದು ನೋಡಿ. ಒಳ್ಳೆಯ ವೈರ್‌ಗಳಲ್ಲಿ ಕೆಲವಕ್ಕೆ ಮೇಲೆ ತವರದ ಲೇಪ ಇರುತ್ತದೆ, ಅದು ಹೊರಗೆ ಬಿಳಿ, ಒಳಗೆ ತಾಮ್ರ. ಇದು ಅದರ ಉಲ್ಟಾ.

ಬ್ಯಾಟರಿ ಸತ್ತದ್ದರ ಕಾರಣವೂ ಸಿಕ್ಕಿತು. ಗಾಡಿ ಬಂದ್ ಮಾಡಿ, ಬಾಗಿಲು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಕಾಕಾ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಮಧ್ಯೆ ಮೀಟರ್ ಜೋಡಿಸಿದರು. ಬಂದ್ ಆದ ಗಾಡಿ 50 ಮಿಲಿಆಂಪಿಗಿಂತ ಕಡಿಮೆ ಎಳೆಯಬೇಕು. ನಮ್ಮದು ಅದರ ಹಲವು ಪಟ್ಟು ಎಳೆಯುತ್ತಿತ್ತು. ಆಂಪ್‌ಗೆ ಏಳು-ಮಲಗು ಅಂತ ಹೇಳುವ ರಿಮೋಟ್ ವೈರನ್ನು ಸದಾ ಕರೆಂಟ್ ಇರುವ ಜಾಗಕ್ಕೆ ಕಟ್ಟಿದ್ದರು. ಆಂಪ್ ಮಲಗುತ್ತಲೇ ಇರಲಿಲ್ಲ. ಕಾಕಾ ಅದನ್ನು ಫ್ಯೂಜ್ ಬಾಕ್ಸಿನಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಜಾಗಕ್ಕೆ ಫ್ಯೂಜ್ ಟ್ಯಾಪ್ ಹಾಕಿ ಕೊಟ್ಟರು. ಹೊಸ ಬ್ಯಾಟರಿಯ ಖರ್ಚು ಅಲ್ಲಿಗೆ ಉಳಿಯಿತು.

ಇನ್ನು ಕುಂಯ್ ಸದ್ದು. ಆಂಪಿನ ಅರ್ಥಿಂಗನ್ನು ಸೀಟಿನ ಬೋಲ್ಟಿಗೆ ಬಿಗಿದಿದ್ದರು, ಬಣ್ಣದ ಮೇಲೆಯೇ. ಸಬ್‌ವೂಫರಿನ ಅರ್ಥಿಂಗ್ ಹಿಂದೆ ಎಲ್ಲೋ ಬೇರೆ ಕಡೆ. ಎರಡರ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಬಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಗಲಾಟೆ ಸಿಗ್ನಲ್ ವೈರಿನಲ್ಲಿ ಸೇರಿಕೊಳ್ಳುತ್ತದೆ. ಅದೂ ಅಲ್ಲದೆ ಸೀಟು, ಬೆಲ್ಟಿನ ಬೋಲ್ಟ್‌ಗಳನ್ನು ಇಂಥ ಕೆಲಸಕ್ಕೆ ಸಡಿಲ ಮಾಡಲೇಬಾರದು. ಕಾಕಾ ನೆಲದ ಒಂದು ಗಟ್ಟಿ ಜಾಗ ಹುಡುಕಿ, ರೂಪಾಯಿಯಷ್ಟು ಅಗಲ ಬಣ್ಣ ಕೆರೆದು ತಗಡು ಹೊಳೆಯುವ ಹಾಗೆ ಮಾಡಿದರು. ಎರಡೂ ಅರ್ಥಿಂಗ್ ಅಲ್ಲಿಗೇ ತಂದು, ರಿಂಗ್ ಟರ್ಮಿನಲ್ ಹಾಕಿ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಬಳಿದರು. ಸಿಗ್ನಲ್ ವೈರ್ ಎಡಗಡೆ, ಪವರ್ ವೈರ್ ಬಲಗಡೆ. ಇಂಜಿನ್ ಚಾಲೂ ಮಾಡಿ, ತಂಬೂರಿ ಹಾಕಿ, ರೇಸ್ ಕೊಟ್ಟರು. ಸದ್ದೇ ಇಲ್ಲ. ಡೀಸೆಲ್ ಗಾಡಿಯಲ್ಲಿ "ಇದ್ದದ್ದೇ" ಅಂದವರನ್ನು ಅಲ್ಲಿಗೇ ಕರೆಸಬೇಕು ಅನ್ನಿಸಿತು.

ಚಾವಣಿಯ ಸ್ಪೀಕರ್ ಬಿಚ್ಚಿದಾಗ ಮತ್ತೊಂದು ಹೊರಬಂತು. ಹೊಸ ಸ್ಪೀಕರ್ ಕಂಪನಿಯ ಜಾಗಕ್ಕೆ ಸರಿಯಾಗಿ ಕೂರುವುದಿಲ್ಲ, ನಡುವೆ ಒಂದು ಬಳೆ ಬೇಕು. ಅಂಗಡಿಯವರು ಎಂಡಿಎಫ್ ಹಲಗೆಯಲ್ಲಿ ಕತ್ತರಿಸಿ ಹಾಕಿದ್ದರು. ಕಾಕಾ ಉಗುರಿನಿಂದ ಒತ್ತಿ ತೋರಿಸಿದರು. "ಒಂದ್ ಮಳಿಗಾಲ ಕಳೀಲಿ, ಚಹಾದಾಗ ಅದ್ದಿದ ಬಿಸ್ಕೀಟ್ ಆಗ್ತೈತಿ." ಪಕ್ಕದ ಗಲ್ಲಿಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸ ಬಳೆ ಕೊರೆಸಿದೆವು. ಕಾಯುತ್ತಾ ಚಹಾ ಕುಡಿದದ್ದೇ ಕುಡಿದದ್ದು. ಜೀಪಿಗೆ ಸ್ಪೀಕರ್ ಕೊಳ್ಳುವವರಿಗೆ ಒಂದು ಮಾತು: ಕೋನ್ ಕಾಗದದ್ದು ಬೇಡ, ಪಾಲಿಪ್ರೊಪಿಲೀನ್ ಇರಲಿ. ಮ್ಯಾಗ್ನೆಟ್ಟಿನ ಆಳವನ್ನೂ ಅಳತೆ ಹಾಕಿ. ಬಾಕ್ಸ್ ಬಿಚ್ಚಿದ ಮೇಲೆ ವಾಪಸ್ ತೆಗೆದುಕೊಳ್ಳುವುದಿಲ್ಲ.

ಆಂಪ್ ಎಲ್ಲಿಡಬೇಕು ಅನ್ನುವುದು ಥಾರ್‌ನಲ್ಲಿ ದೊಡ್ಡ ತಲೆಬಿಸಿ. ಮೂರು ಬಾಗಿಲಿನದರಲ್ಲಿ ಹಿಂದೆ ಕೂರುವವರು ಎಡಗಡೆಯ ಮುಂದಿನ ಸೀಟು ಮಡಚಿ, ಸರಿಸಿ ಹತ್ತುತ್ತಾರೆ. ಆ ಸೀಟಿನ ಕೆಳಗೆ ಆಂಪ್ ಇಟ್ಟರೆ ವೈರ್ ಒಂದು ದಿನ ಕತ್ತರಿಸುವುದು ಖಾತ್ರಿ. ನಮ್ಮದನ್ನು ಡ್ರೈವರ್ ಸೀಟಿನ ಕೆಳಗೆ, ನೆಲಕ್ಕೆ ತಾಗದಂತೆ ಕಬ್ಬಿಣದ ಪಟ್ಟಿಯ ಮೇಲೆ ಎತ್ತಿ ಕೂರಿಸಿದೆವು. ಸೀಟು ಪೂರ್ತಿ ಕೆಳಗಿಳಿಸಿ, ಹಿಂದೆ ಮುಂದೆ ಸರಿಸಿ, ಎಲ್ಲೂ ತಾಗುವುದಿಲ್ಲ ಅಂತ ನೋಡಿದ ಮೇಲೇ ಬೋಲ್ಟ್ ಬಿಗಿಯಿರಿ. ಗಾಡಿಯೊಳಗೆ ಪೈಪ್ ಹಿಡಿದು ತೊಳೆಯುವ ಸುಖ ಮಾತ್ರ ಇನ್ನು ಮುಗಿಯಿತು. ಒದ್ದೆ ಬಟ್ಟೆಯೇ ಗತಿ.

ನಡುಕ, ಸದ್ದು ತಗ್ಗಿಸುವ ಡ್ಯಾಂಪಿಂಗ್ ಶೀಟನ್ನು ಬಾಗಿಲು, ಹಾರ್ಡ್ ಟಾಪಿನ ಒಳಮೈಗೆ ಅಂಟಿಸಿದೆವು. ಡಾಂಬರಿನದು ಅಗ್ಗ, ಬೇಸಿಗೆಯಲ್ಲಿ ಕರಗಿ ಜೋತು ಬೀಳುತ್ತದೆ, ವಾಸನೆ ಬೇರೆ. ಬ್ಯುಟೈಲ್ ರಬ್ಬರಿನದೇ ತೆಗೆದುಕೊಳ್ಳಿ. ಬಾಗಿಲಿನ ಕೆಳಗೆ ನೀರು ಹೋಗುವ ತೂತುಗಳಿವೆ, ಅವನ್ನು ಮುಚ್ಚಿಬಿಟ್ಟರೆ ಒಳಗೇ ತುಕ್ಕು. ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಹೆಚ್ಚು ಫಲ ಸಿಕ್ಕಿದ್ದು ಇದರಲ್ಲಿ. ಮಳೆ ಬಿದ್ದಾಗ ತಲೆ ಮೇಲೆ ಬಡಿಯುತ್ತಿದ್ದ ಸದ್ದು ಅರ್ಧಕ್ಕೆ ಇಳಿಯಿತು. ಈಗ ಮತ್ತೆ ಶುರು ಮಾಡಿದರೆ ಮೊದಲು ಇದನ್ನೇ ಮಾಡಿಸಿ, ಒಮ್ಮೆ ಹುಬ್ಬಳ್ಳಿಗೆ ಹೋಗಿ ಬಂದು, ಆಮೇಲೆ ಆಂಪ್ ಬೇಕಾ ಬೇಡವಾ ಅಂತ ಯೋಚಿಸುತ್ತೇನೆ.

ಕೊನೆಗೆ ಟ್ಯೂನಿಂಗ್. ಆಂಪಿನ ಗೇನ್ ಅಂದರೆ ವಾಲ್ಯೂಮ್ ಅಲ್ಲ, ಒಳಬರುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ಸ್ಕ್ರೂ. ಅಂಗಡಿಯವರು ಅದನ್ನು ಮುಕ್ಕಾಲು ತಿರುಗಿಸಿ ಇಟ್ಟಿದ್ದರು. ಕಾಕಾ ಸ್ಪೀಕರ್ ವೈರ್ ಬಿಚ್ಚಿ, ಸ್ಕ್ರೀನಿನ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಟೆಸ್ಟ್ ಟೋನ್ ಹಾಕಿ, ಆಂಪಿನ ಔಟ್‌ಪುಟ್ಟಿಗೆ ಮಲ್ಟಿಮೀಟರ್ ಹಿಡಿದರು. ನಮ್ಮ ಆಂಪ್ 4 ಓಮ್‌ಗೆ 60 ವ್ಯಾಟ್ ಕೊಡುವಂಥದ್ದು. 60ನ್ನು 4ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 15.5 ವೋಲ್ಟ್. ಮೀಟರ್ ಅಲ್ಲಿಗೆ ಬಂದ ಕೂಡಲೇ ಸ್ಕ್ರೂಡ್ರೈವರ್ ತೆಗೆದರು. ಅದಕ್ಕಿಂತ ಏರಿಸಿದರೆ ದನಿ ಒಡೆಯುತ್ತದೆ, ಮೇಲ್ದನಿಯ ಪುಟಾಣಿ ಸ್ಪೀಕರ್, ಅಂದರೆ ಟ್ವೀಟರ್, ಸುಡುತ್ತದೆ. ಚಿಕ್ಕ ಸ್ಪೀಕರ್‌ಗಳಿಗೆ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕಡಿದು, ಅದನ್ನೆಲ್ಲ ಸೀಟಿನಡಿಯ ಸಬ್‌ವೂಫರಿಗೆ ಬಿಟ್ಟೆವು.

ಟೈಮ್ ಅಲೈನ್‌ಮೆಂಟ್ ನಾನೇ ಮನೆಯಲ್ಲಿ ಟೇಪ್ ಹಿಡಿದು ಮಾಡಿದೆ. ನನ್ನ ಕಿವಿಗೆ ಬಲಗಡೆಯ ಸ್ಪೀಕರ್ 60 ಸೆಂಟಿಮೀಟರ್, ಎಡಗಡೆಯದು 115. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 55 ಸೆಂಟಿಮೀಟರ್ ವ್ಯತ್ಯಾಸಕ್ಕೆ 1.6 ಮಿಲಿಸೆಕೆಂಡ್. ಬಲಗಡೆಯದನ್ನು ಅಷ್ಟು ತಡ ಮಾಡಿದರೆ ಎರಡೂ ಒಟ್ಟಿಗೆ ಬಂದು ಮುಟ್ಟುತ್ತವೆ. ಟ್ವೀಟರ್‌ಗಳನ್ನು ಡ್ಯಾಶ್‌ಬೋರ್ಡಿನ ಮೂಲೆಗಳಿಗೆ ಇಳಿಸಿದ್ದರಿಂದ ಹಾಡುವವರು ನೆತ್ತಿಯಿಂದ ಇಳಿದು ಗಾಜಿನ ಎದುರಿಗೆ ಬಂದರು. ಪಕ್ಕದ ಸೀಟಿನವರಿಗೆ ಇದರಿಂದ ಸ್ವಲ್ಪ ಕೆಡುತ್ತದೆ. ಹೆಂಡತಿ ಅದನ್ನು ಕೂಡಲೇ ಕಂಡುಹಿಡಿದಳು. ಡಿಎಸ್‌ಪಿಯಲ್ಲಿ ಎರಡು ಸೆಟ್ಟಿಂಗ್ ಉಳಿಸಿಟ್ಟಿದ್ದೇನೆ: ಒಬ್ಬನೇ ಇದ್ದಾಗ ಒಂದು, ಮನೆಯವರಿದ್ದಾಗ ಒಂದು.

ಮಳೆಯಲ್ಲಿ ತಾಮ್ಹಿಣಿ ಘಾಟಿಗೆ ಹೋಗಿ ಬಂದೆವು. ನೀರು ಒಳಗೆ ಬರಲಿಲ್ಲ, ಆಂಪ್ ಬೆಚ್ಚಗಿತ್ತು ಅಷ್ಟೇ.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಡಿಎಸ್‌ಪಿ ಆಂಪ್ 28,000, ಟ್ವೀಟರ್ ಬೇರೆಯಾಗಿರುವ ಕಾಂಪೊನೆಂಟ್ ಸ್ಪೀಕರ್ 12,000, ಸೀಟಿನಡಿಯ ಸಬ್‌ವೂಫರ್ 14,000, ಡ್ಯಾಂಪಿಂಗ್ ಕೂಲಿ ಸೇರಿ 9,000, ನಿಜವಾದ ತಾಮ್ರದ ವೈರ್ ಕಿಟ್ 5,500, ಕಪ್ಲರ್ 2,500, ಕಾಕಾನ ಕೂಲಿ, ಬಳೆ ಎಲ್ಲ ಸೇರಿ 6,000. ಮೊದಲ ಅಂಗಡಿಯ ಕೂಲಿ 5,000 ನೀರಿಗೆ ಹಾಕಿದ ಹಾಗೆ. ಒಟ್ಟು 82,000. ಹಳೆಯ ವೈರ್ ಕಿಟ್ ಮಾರಿದವರು ಅದರ ದುಡ್ಡು ವಾಪಸ್ ಕೊಟ್ಟರು, ಕೆರೆದ ಎಳೆ ಕೌಂಟರಿನ ಮೇಲೆ ಇಟ್ಟ ಮೇಲೆ.

ಬಿಲ್ ಮಾತ್ರ ಜಿಎಸ್‌ಟಿ ನಂಬರ್ ಇರುವುದೇ ತೆಗೆದುಕೊಳ್ಳಿ. ಬಿಲ್ ಇಲ್ಲದಿದ್ದರೆ ಇಷ್ಟು ಬಿಡ್ತೀನಿ ಅನ್ನುವವರು ಸಿಗುತ್ತಾರೆ, ಬೇಡ. ಹೊರಗಿನಿಂದ ಹಾಕಿಸಿದ ಎಲೆಕ್ಟ್ರಿಕಲ್ ಸಾಮಾನು ಇನ್ಶೂರೆನ್ಸ್ ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸದಿದ್ದರೆ ಕಳುವಾದಾಗ ಒಂದು ಪೈಸೆ ಬರುವುದಿಲ್ಲ. ಅದಕ್ಕೆ ಐಎಂಟಿ 24 ಅನ್ನುವ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ಷರತ್ತು ಇದೆ. ಸಾಮಾನಿನ ಬೆಲೆಯ ಶೇ. 4ರಷ್ಟು ಹೆಚ್ಚುವರಿ ಪ್ರೀಮಿಯಂ. ನಾನು ಆಂಪ್, ಸ್ಪೀಕರ್, ಸಬ್‌ವೂಫರ್ ಮೂರನ್ನು 54,000ಕ್ಕೆ ತೋರಿಸಿದೆ. ವರ್ಷಕ್ಕೆ 2,160 ರೂಪಾಯಿ, ಮೇಲೆ ಜಿಎಸ್‌ಟಿ. ಏಜೆಂಟರು ಮೊದಲು "ರಿನ್ಯೂವಲ್ ಟೈಮಿಗೆ ನೋಡೋಣ" ಅಂದರು. ಮಧ್ಯದಲ್ಲೇ ಸೇರಿಸಿ, ಉಳಿದ ತಿಂಗಳಿಗೆ ಎಷ್ಟಾಗುತ್ತೋ ಅಷ್ಟು ತೆಗೆದುಕೊಳ್ಳಿ ಅಂತ ಬಿಲ್, ಫೋಟೋ ಮೇಲ್ ಮಾಡಿದೆ. ಗಾಡಿ ತೋರಿಸಲು ಕರೆದರು, ಹೋಗಿ ತೋರಿಸಿದೆ. ತಿದ್ದಿದ ಪಾಲಿಸಿ ಮೊನ್ನೆ ಬಂತು. ಬಂದ ಮೇಲೆ ಸಾಮಾನಿನ ಬೆಲೆ ಸರಿಯಾದ ಕಾಲಮ್ಮಿನಲ್ಲಿ ಇದೆಯಾ ನೋಡಿ. ನನ್ನದರಲ್ಲಿ ಮೊದಲ ಸಲ ನಾನ್ ಎಲೆಕ್ಟ್ರಿಕಲ್ ಕಾಲಮ್ಮಿನಲ್ಲಿ ಹಾಕಿದ್ದರು, ಮತ್ತೆ ಬರೆದು ಸರಿ ಮಾಡಿಸಿದೆ.

ಹಿಂದಿನ ಬಾಗಿಲಿನ ಸ್ಟೆಪ್ನಿಯ ಗಡಗಡ ಈಗ ಹೊಸದಾಗಿ ಕೇಳುತ್ತಿದೆ. ಮೊದಲೂ ಇತ್ತೋ ಏನೋ, ಬೇರೆ ಗದ್ದಲದಲ್ಲಿ ಗೊತ್ತಾಗಿರಲಿಲ್ಲ. ದೀಪಾವಳಿ ಕಳೆದ ಮೇಲೆ ಬನ್ನಿ, ಬಿಜಾಗ್ರಿ ನೋಡೋಣ ಅಂದಿದ್ದಾರೆ ಕಾಕಾ.